ನಿಂತ ಕಾಲಿನ ಕಥೆ

ಕಳೆದ ಸಂಚಿಕೆಯಲ್ಲಿ ನಾವು ಪುಣೆಯ ಬಾಡಿಗೆ ಮನೆಗಳ ಪುರಾಣ ಹೇಳಿ ವಾಚಕರ ತಲೆ ತಿಂದೆವು. ಈ ಸಲ ತಲೆಯನ್ನು ಬಿಟ್ಟು ಕಾಲಿಗೆ ಇಳಿಯುತ್ತೇವೆ. ವಿಷಯ ನಗೆಯದಲ್ಲ. ಆದರೂ ಹೇಳುವವರು ನಾವಾದುದರಿಂದ ನಡುನಡುವೆ ನಗೆ ಬಂದೀತು. ಬಂದರೆ ಅದು ನಮ್ಮ ಬುದ್ಧಿಯನ್ನು ಕುರಿತು ಬಂದದ್ದೆಂದು ತಿಳಿಯಬೇಕು.

ಧನಕವಡಿಯಲ್ಲಿ ಶಂಕರ ಮಹಾರಾಜರ ಮಠದಿಂದ ಒಳಗೆ ಹೋಗುವ ಗಲ್ಲಿಯೊಂದರ ಮೂರನೆಯ ಮಾಳಿಗೆಯಲ್ಲಿ ನಮ್ಮ ಕಾಕಾ ಕಾಕು ಇದ್ದಾರೆ. ನಾವು ಬಿ.ಎ. ಮುಗಿಸಿ, ಸರಕಾರಿ ಕಚೇರಿಯಲ್ಲಿ ಕಾರಕೂನಕಿ ಹಿಡಿದು ಈ ಊರಿಗೆ ಬಂದಾಗ ನಮ್ಮ ಟ್ರಂಕು ಇಳಿದದ್ದು ಅದೇ ಮನೆಯಲ್ಲಿ. ಅಂದಿನಿಂದ ಮದುವೆಯಾಗುವ ತನಕ ನಮಗೆ ಎರಡು ಹೊತ್ತು ರೊಟ್ಟಿ ಹಾಕಿದ ಕೈ ಕಾಕುವಿನದು. ಈಗಲೂ ನಾವು ಅದೇ ಗಲ್ಲಿಯಲ್ಲಿ ನಾಲ್ಕು ಮನೆ ಆಚೆಗೆ ಇದ್ದೇವೆ. ರವಿವಾರದ ರೊಟ್ಟಿ ಇನ್ನೂ ತಪ್ಪಿಲ್ಲ.

ಕಾಕಾ ದುಡಿಯುತ್ತಿದ್ದ ಕಾರಖಾನೆ ಬಾಗಿಲು ಹಾಕಿದ ಮೇಲೆ ಮನೆ ನಡೆದದ್ದು ಕಾಕುವಿನ ರೊಟ್ಟಿಯ ಮೇಲೆ. ಭಾರತಿ ವಿದ್ಯಾಪೀಠದಲ್ಲಿ ಓದಲು ಬರುವ ನಮ್ಮ ಕಡೆಯ ಹುಡುಗರು, ಬಾಲಾಜಿನಗರ ಕಾತ್ರಜಗಳಲ್ಲಿ ಖೋಲಿ ಹಿಡಿದು ಇರುವ ನೌಕರರು, ಎಲ್ಲರಿಗೂ ಡಬ್ಬಿ. ಮುಂಜಾನೆ ಐದಕ್ಕೆ ಎದ್ದು ನಿಂತರೆ ಹತ್ತರ ತನಕ, ಸಂಜೆ ನಾಲ್ಕಕ್ಕೆ ನಿಂತರೆ ಎಂಟರ ತನಕ. ದಿನಕ್ಕೆ 150 ರೊಟ್ಟಿ. ಊರಲ್ಲಿ ಇದ್ದಾಗ ಒಲೆಯ ಮುಂದೆ ಕುಳಿತು ಬಡಿಯುತ್ತಿದ್ದರು. ಪುಣೆಯಲ್ಲಿ ಒಲೆ ಕಟ್ಟೆಯನ್ನೇರಿತು. ಒಲೆ ಏರಿದ ಕೂಡಲೇ ನಮ್ಮ ಹೆಣ್ಣುಮಕ್ಕಳೆಲ್ಲ ಎದ್ದು ನಿಲ್ಲಬೇಕಾಯಿತು ಎಂಬುದು ಯಾರ ಲಕ್ಷ್ಯಕ್ಕೂ ಬಂದಂತಿಲ್ಲ. ಹನ್ನೊಂದು ವರ್ಷ ಕಾಕು ಹೀಗೆ ನಿಂತರು.

ಬಲಗಾಲಿನ ಮೀನಖಂಡದ ಒಳಮಗ್ಗುಲಲ್ಲಿ ನೀಲಿ ಬಣ್ಣದ ಹುರಿಯಂಥದು ಎದ್ದಿತ್ತು. ಎಂದಿನಿಂದ ಎಂದು ಕೇಳಿದರೆ ಮೂರನೆಯ ಬಾಣಂತನದಿಂದ ಎಂದರು. ಹದಿನೆಂಟು ಮೊಳದ ಸೀರೆಯ ಕೆಳಗೆ ಯಾವುದು ತಾನೇ ಕಾಣುತ್ತದೆ? ಒಂದು ದಿನ ಮಾಳಿಗೆ ಹತ್ತುವಾಗ ಸೀರೆಯಂಚು ಎತ್ತಿ ಹಿಡಿದದ್ದರಿಂದ ನಮಗೆ ಕಂಡಿತು.

“ಏನಿಲ್ಲೋ, ನರ ಉಬ್ಯಾವ. ನಮ್ಮವ್ವಗೂ ಹಿಂಗ ಇದ್ವು. ಸಂಜಿ ಆತಂದ್ರ ಕಾಲು ಕಲ್ಲಾಗ್ತಾವ, ಅಷ್ಟ” ಎಂದರು.

ಇಲ್ಲಿ ನಮ್ಮ ಪಾಂಡಿತ್ಯದ ಪ್ರವೇಶವಾಯಿತು. ನರ ಉಬ್ಬಿದೆ ಎಂದಾಗ ನಮ್ಮ ಬಿ.ಎ. ತಲೆಗೆ ಹೊಳೆದದ್ದು ನರಗಳ ದೌರ್ಬಲ್ಯ. ಔಷಧದ ಅಂಗಡಿಗೆ ಹೋಗಿ ನರಗಳಿಗೆ ಶಕ್ತಿ ಕೊಡುವ ಜೀವಸತ್ವದ ಗುಳಿಗೆ ತಂದೆವು. ಕಾಕು ಭಕ್ತಿಯಿಂದ ಆರು ತಿಂಗಳು ನುಂಗಿದರು. ತಪ್ಪು ಅರ್ಧ ನಮ್ಮದು, ಅರ್ಧ ನಮ್ಮ ಭಾಷೆಯದು. ಕನ್ನಡದ ಆಡುಮಾತಿನಲ್ಲಿ ನೋವಿನ ಸುದ್ದಿ ಒಯ್ಯುವುದೂ ನರವೇ, ನೆತ್ತರು ಹರಿಯುವುದೂ ನರವೇ, ಕುತ್ತಿಗೆ ಹಿಡಿದುಕೊಂಡರೆ ಅದೂ ನರವೇ. ಕಾಕುವಿನ ಕಾಲಿನಲ್ಲಿ ಉಬ್ಬಿದ್ದುದು ನೆತ್ತರನ್ನು ಹೃದಯಕ್ಕೆ ಹಿಂದಿರುಗಿಸುವ ರಕ್ತನಾಳ. ಶಾಲೆಯ ಪುಸ್ತಕದಲ್ಲಿ ಅಭಿಧಮನಿ ಎಂದು ಓದಿ ಪರೀಕ್ಷೆಯ ಮರುದಿನ ಮರೆತದ್ದು. ಡಾಕ್ಟರರು ಇದನ್ನು ವೆರಿಕೋಸ್ ವೇನ್ಸ್ ಎನ್ನುತ್ತಾರೆ. ನಮ್ಮ ಸುಶ್ರುತನು ಸಿರೆಯ ಗಂಟನ್ನು ಸಿರಾಜಗ್ರಂಥಿ ಎಂದು ಪ್ರತ್ಯೇಕವಾಗಿ ಹೆಸರಿಟ್ಟು ಹೇಳಿದ್ದಾನೆ. ಅಂದರೆ ಹಳಬರಿಗೆ ಸಿರೆ ಬೇರೆ ಎಂಬುದು ಗೊತ್ತಿತ್ತು, ಗೊತ್ತಿಲ್ಲದವರು ನಾವು.

ಮುಂದೆ ಹರಡಿನ ಮೇಲ್ಗಡೆ, ಒಳಮಗ್ಗುಲಲ್ಲಿ, ಚರ್ಮ ಕಂದಿ ಕಾಫಿಯ ಬಣ್ಣಕ್ಕೆ ತಿರುಗಿತು. ನವೆ ಎದ್ದಿತು. ತುರಿಸಿದಲ್ಲಿ ಸಣ್ಣ ಗಾಯವಾಗಿ, ಗಾಯ ಹುಣ್ಣಾಗಿ, ಹುಣ್ಣು ನಾಲ್ಕಾಣೆಯಷ್ಟಿದ್ದುದು ರೂಪಾಯಿಯಷ್ಟಾಯಿತು. ಕಾಕಾ ಸಕ್ಕರೆ ಕಾಯಿಲೆಯೆಂದು ನೆತ್ತರ ಪರೀಕ್ಷೆ ಮಾಡಿಸಿದರು, ಸಕ್ಕರೆ ಇರಲಿಲ್ಲ. ಊರಿನಿಂದ ಬಂದ ಬೀಗರು ಅರಿಸಿನ ಬೇವಿನ ಲೇಪ ಹೇಳಿದರು. ನಾವು ಮುಲಾಮು ಬದಲಿಸಿದೆವು, ಪುಡಿ ಉದುರಿಸಿದೆವು. ಹುಣ್ಣು ತಿಂಗಳೆರಡು ತಿಂಗಳು ಮಾಯ್ದಂತೆ ಮಾಡಿ ಮತ್ತೆ ಬಾಯಿ ಬಿಡುತ್ತಿತ್ತು. ಹೀಗೆ ಒಂದೂವರೆ ವರ್ಷ. ರೊಟ್ಟಿ ಮಾತ್ರ ನಿಲ್ಲಲಿಲ್ಲ. ಆ ರೊಟ್ಟಿಯನ್ನು ತಿಂದವರಲ್ಲಿ ನಾವೂ ಒಬ್ಬರು ಎಂದು ಬರೆಯುವಾಗ ಲೇಖನಿ ಸ್ವಲ್ಪ ಹಿಂಜರಿಯುತ್ತದೆ.

ಕಣ್ಣು ತೆರೆದದ್ದು ಜನೆವರಿಯ ಒಂದು ಬೆಳಗು. ಬಚ್ಚಲಿನಲ್ಲಿ ಬಿಸಿನೀರು ಹಾಕಿಕೊಳ್ಳುವಾಗ ಹರಡಿನ ಹತ್ತಿರದ ಒಂದು ಸಣ್ಣ ನೀಲಿ ಗುಳ್ಳೆ ಒಡೆಯಿತು. ನೋವೇ ಇಲ್ಲ. ಕಾಕು ಕೆಳಗೆ ನೋಡಿದಾಗ ಬಚ್ಚಲೆಲ್ಲ ಕೆಂಪು. ನಾವು ಓಡಿಹೋಗುವಷ್ಟರಲ್ಲಿ ಅವರನ್ನು ಸ್ಟೂಲಿನ ಮೇಲೆ ಕೂಡಿಸಿ, ಯಾರೋ ಮೀನಖಂಡದ ಮೇಲ್ಗಡೆ ಟವೆಲನ್ನು ಬಿಗಿಯಾಗಿ ಕಟ್ಟಿದ್ದರು. ನೆತ್ತರು ಕಡಿಮೆಯಾಗುವ ಬದಲು ಕಾರಂಜಿಯಂತೆ ಹೆಚ್ಚಿತು. ಕೆಳಗಿನ ಮಾಳಿಗೆಯ ನಿವೃತ್ತ ನರ್ಸಬಾಯಿಯವರು ಮೇಲೆ ಬಂದವರೇ, “ಝೋಪವಾ! ಪಾಯ ವರ ಕರಾ!” ಎಂದು ಗದರಿಸಿದರು. ಮಲಗಿಸಿರಿ, ಕಾಲು ಮೇಲೆತ್ತಿರಿ ಎಂದು. ಟವೆಲು ಬಿಚ್ಚಿ, ಕಾಕುವನ್ನು ನೆಲದ ಮೇಲೆ ಮಲಗಿಸಿ, ಕಾಲನ್ನು ಗೋಡೆಗೆ ಎತ್ತರವಾಗಿ ಆನಿಸಿ, ಗಾಯದ ಮೇಲೆಯೇ ಮಡಿಚಿದ ಸ್ವಚ್ಛ ಬಟ್ಟೆಯಿಟ್ಟು ಹತ್ತು ನಿಮಿಷ ಒತ್ತಿ ಹಿಡಿದರು. ನೆತ್ತರು ನಿಂತಿತು.

ಈ ಒಂದು ಸಂಗತಿಗಾಗಿಯಾದರೂ ವಾಚಕರು ಈ ಪುಟವನ್ನು ಹರಿದು ಇಟ್ಟುಕೊಳ್ಳಬೇಕೆಂದು ನಮ್ಮ ವಿನಂತಿ. ಉಬ್ಬಿದ ನಾಳ ಒಡೆದಾಗ ಮೇಲ್ಗಡೆ ಕಟ್ಟಬಾರದು. ಈ ನಾಳದಲ್ಲಿ ನೆತ್ತರು ಹೋಗುವುದು ಮೇಲಕ್ಕೆ. ಮೇಲೆ ಕಟ್ಟಿದರೆ ಹೋಗುವ ದಾರಿ ಮುಚ್ಚಿ ಒಡೆದಲ್ಲೇ ಹೊರಗೆ ಬರುತ್ತದೆ. ಕೂಡಿಸುವುದೂ ತಪ್ಪು, ನಿಲ್ಲಿಸುವುದಂತೂ ದೊಡ್ಡ ತಪ್ಪು. ಮಲಗಿಸುವುದು, ಕಾಲನ್ನು ಎದೆಗಿಂತ ಎತ್ತರಕ್ಕೆ ಎತ್ತುವುದು, ಒಡೆದ ಜಾಗವನ್ನೇ ಒತ್ತುವುದು, ನಂತರ ಪಟ್ಟಿ ಕಟ್ಟಿ ದವಾಖಾನೆಗೆ ಒಯ್ಯುವುದು. ಒಬ್ಬಂಟಿಯಾಗಿದ್ದ ವೃದ್ಧರು ಇದನ್ನು ತಿಳಿಯದೆ ಕುರ್ಚಿಯ ಮೇಲೆ ಕುಳಿತೇ ಪ್ರಾಣ ಬಿಟ್ಟ ಪ್ರಸಂಗಗಳನ್ನು ವೈದ್ಯಕೀಯ ಪತ್ರಿಕೆಗಳು ದಾಖಲಿಸಿವೆ.

ಇನ್ನು ದವಾಖಾನೆಯ ಮಾತು. ಮೊದಲು ನಾವು ಹೋದದ್ದು ಬಸ್ಸಿನ ಹಿಂಭಾಗದಲ್ಲಿ ಜಾಹಿರಾತು ಕಂಡ ಒಂದು ಕಡೆಗೆ: ಒಂದು ತಾಸಿನಲ್ಲಿ ಲೇಸರ್, ಅದೇ ದಿನ ಮನೆಗೆ. ಅಲ್ಲಿ ಕಾಕುವನ್ನು ಮಂಚದ ಮೇಲೆ ಮಲಗಿಸಿ ಎರಡು ನಿಮಿಷ ಕಾಲು ನೋಡಿದರು. ಎರಡೂ ಕಾಲಿಗೆ ಲೇಸರ್ ಆಗಬೇಕು ಎಂದು ನಾಜೂಕಾದ ಹುಡುಗಿಯೊಬ್ಬಳು ಖರ್ಚಿನ ಅಂದಾಜು ಪತ್ರಿಕೆಯನ್ನು ನಮ್ಮ ಕೈಗಿಟ್ಟಳು. ಈ ವಾರವೇ ನಿಶ್ಚಯಿಸಿದರೆ ರಿಯಾಯಿತಿಯಂತೆ. ಸೀರೆ ಅಂಗಡಿಯ ಆಷಾಢದ ರಿಯಾಯಿತಿ ನೆನಪಾಗಿ ನಾವು ಅಲ್ಲಿಂದ ಎದ್ದೆವು. ಕಾರಕೂನನಾದವನಿಗೆ ಒಂದು ಗುಣ ಇರುತ್ತದೆ: ಪರಿಶೀಲನೆ ಆಗದ ಕಡತದ ಮೇಲೆ ಮಂಜೂರಾತಿಯ ಸಹಿ ಬಿದ್ದರೆ ಅವನಿಗೆ ನಿದ್ದೆ ಬರುವುದಿಲ್ಲ.

ಎರಡನೆಯದು ಸಾತಾರಾ ರಸ್ತೆಯ ಮೇಲಿನ ದೊಡ್ಡ ದವಾಖಾನೆ. ಅಲ್ಲಿಯ ಸರ್ಜನರು ನಡುವಯಸ್ಸಿನವರು. ಕಾಕುವನ್ನು ಕಂಡೊಡನೆ ಹೇಳಿದ ಮೊದಲ ಮಾತು, “ಉಭ್ಯಾ ರಾಹಾ ಬರಂ, ಕಾಕೂ.” ನಿಂತುಕೊಳ್ಳಿರಿ ಎಂದು. ಹನ್ನೊಂದು ವರ್ಷ ನಿಂತವರನ್ನು ಮತ್ತೆ ನಿಲ್ಲಿಸುತ್ತಾರಲ್ಲ ಎಂದು ನಮಗೆ ಕಸಿವಿಸಿಯಾಯಿತು. ಆದರೆ ಈ ರೋಗವನ್ನು ಮಲಗಿಸಿ ನೋಡಿದರೆ ಅರ್ಧ ಅಡಗಿಬಿಡುತ್ತದೆ. ನಿಂತಾಗ ನಾಳ ತುಂಬುತ್ತದೆ, ಎಲ್ಲಿಂದ ಎಲ್ಲಿಗೆ ಹಬ್ಬಿದೆ ಎಂಬುದು ಕಾಣುತ್ತದೆ. ತೊಡೆಸಂದಿನಿಂದ ಹರಡಿನವರೆಗೆ ಮುಂದೆ ಹಿಂದೆ ನೋಡಿ, ಬೆರಳಿನಿಂದ ಮುಟ್ಟಿ, ಕಂದಿದ ಚರ್ಮವನ್ನು ಒತ್ತಿ ನೋಡಿದರು. ಬಳಿಕ ಪ್ರಶ್ನೆಗಳು: ಎಷ್ಟು ಹೆರಿಗೆ? ತಾಯಿಗೆ ಇತ್ತೇ? ಎಂದಾದರೂ ಒಂದೇ ಕಾಲು ಫಕ್ಕನೆ ಬಾತು ನೋವಾಗಿತ್ತೇ? ಎಲುಬು ಮುರಿದು ತಿಂಗಳುಗಟ್ಟಲೆ ಮಲಗಿದ್ದಿರಾ? ನೋವು ಸಂಜೆಗೆ ಹೆಚ್ಚೋ ಮುಂಜಾನೆಗೋ? ನಡೆದರೆ ಹಗುರವೋ ಭಾರವೋ? ಕಡೆಗೆ ಪಾದದ ಮೇಲೂ ಹರಡಿನ ಹಿಂದೆಯೂ ಬೆರಳಿಟ್ಟು ನಾಡಿ ನೋಡಿದರು. ಕೈಯ ನಾಡಿ ಬಿಟ್ಟು ಕಾಲಿನ ನಾಡಿ ನೋಡುವುದೇಕೆಂದು ನಾವು ಕೇಳಿಯೇಬಿಟ್ಟೆವು.

ಉತ್ತರ ಮಹತ್ವದ್ದು. ಈ ಹುಣ್ಣಿಗೆ ಮುಖ್ಯ ಮದ್ದು ಬಿಗಿಯಾದ ಪಟ್ಟಿ. ಆದರೆ ಕಾಲಿಗೆ ನೆತ್ತರನ್ನು ತರುವ ಧಮನಿಯೇ ಕಟ್ಟಿಕೊಂಡಿದ್ದರೆ, ತಂಬಾಕಿನವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಹೀಗಾಗುವುದುಂಟು, ಬಿಗಿಯಾದ ಪಟ್ಟಿ ಆ ಕಾಲನ್ನೇ ಕೊಂದೀತು. ಆದ್ದರಿಂದ ನಾಡಿ ಸಿಗದೆ ಪಟ್ಟಿ ಇಲ್ಲ. ಸಂದೇಹವಿದ್ದರೆ ಕಾಲಿನ ಹಾಗೂ ತೋಳಿನ ರಕ್ತದೊತ್ತಡಗಳನ್ನು ಅಳೆದು ಹೋಲಿಸುತ್ತಾರೆ. ಕಾಕುವಿನ ನಾಡಿ ಚೆನ್ನಾಗಿತ್ತು. ಜೊತೆಗೆ ಬಂದಿದ್ದ ಕಾಕಾ ತಮ್ಮ ಜೇಬಿನಲ್ಲಿದ್ದ ತಂಬಾಕಿನ ಡಬ್ಬಿಯನ್ನು ಇನ್ನಷ್ಟು ಒಳಗೆ ತಳ್ಳಿದ್ದನ್ನು ನಾವು ನೋಡಿಯೂ ನೋಡದಂತಿದ್ದೆವು.

ಅನಂತರ ಡಾಪ್ಲರ್ ಪರೀಕ್ಷೆ. 1842ರಲ್ಲಿ ಆಸ್ಟ್ರಿಯದ ಕ್ರಿಸ್ಟಿಯನ್ ಡಾಪ್ಲರನೆಂಬಾತ ಪ್ರಾಗ್ ನಗರದಲ್ಲಿ ಜೋಡಿ ನಕ್ಷತ್ರಗಳ ಬೆಳಕಿನ ಬಣ್ಣವನ್ನು ಕುರಿತು ಒಂದು ಪ್ರಬಂಧ ಓದಿದ. ಹತ್ತಿರ ಬರುವುದರ ಅಲೆ ಒತ್ತಾಗುತ್ತದೆ, ದೂರ ಹೋಗುವುದರ ಅಲೆ ವಿರಳವಾಗುತ್ತದೆ ಎಂಬುದು ಅವನ ತತ್ತ್ವ. ನಕ್ಷತ್ರಕ್ಕಾಗಿ ಹುಟ್ಟಿದ ತತ್ತ್ವ ಇಂದು ಧನಕವಡಿಯ ಕಾಕುವಿನ ಕಾಲಿನಲ್ಲಿ ನೆತ್ತರು ಮೇಲಕ್ಕೆ ಹೋಗುತ್ತಿದೆಯೋ ಕೆಳಕ್ಕೆ ಬರುತ್ತಿದೆಯೋ ಎಂದು ಹೇಳುತ್ತದೆ. ಪರದೆಯ ಮೇಲೆ ಒಂದು ದಿಕ್ಕಿಗೆ ನೀಲಿ, ಇನ್ನೊಂದು ದಿಕ್ಕಿಗೆ ಕೆಂಪು. ಇದನ್ನೂ ನಿಲ್ಲಿಸಿಯೇ ಮಾಡಿದರು. ಮೀನಖಂಡವನ್ನು ಹಿಂಡಿ ಬಿಟ್ಟಾಗ ನೆತ್ತರು ಮೇಲಕ್ಕೆ ಚಿಮ್ಮಿ ಅಲ್ಲೇ ನಿಲ್ಲಬೇಕು. ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಂದಕ್ಕೆ ಸೋರಿದರೆ ಮೇಲ್ಪದರದ ನಾಳದ ಕವಾಟ ಕೆಟ್ಟಿದೆ ಎಂದು ಲೆಕ್ಕ. ಕಾಕುವಿನ ಬಲಗಾಲಿನಲ್ಲಿ ಅದು ಸೋರುತ್ತಲೇ ಇತ್ತು.

ಸರ್ಜನರು ಹೇಳಿದ್ದನ್ನು ನಾವು ನಮ್ಮ ಊರ ಭಾಷೆಗೆ ತಿರುಗಿಸಿ ಕಾಕುವಿಗೆ ಹೇಳಿದೆವು. ಹೊಲದ ಬಾವಿಗೆ ಪಂಪು ಕೂಡಿಸಿದವರಿಗೆಲ್ಲ ಫುಟ್ ವಾಲ್ವ್ ಗೊತ್ತು. ಪಂಪು ನಿಂತಾಗ ಪೈಪಿನಲ್ಲಿಯ ನೀರು ಬಾವಿಗೆ ಮರಳದಂತೆ ತಡೆಯುವುದು ಅದರ ಕೆಲಸ. ನಮ್ಮ ಕಾಲಿನ ನಾಳಗಳಲ್ಲಿ ಇಂಥ ಕವಾಟಗಳು ಸಾಲಾಗಿ ಇವೆ. ಪಂಪು ಎಂದರೆ ಮೀನಖಂಡದ ಸ್ನಾಯು. ಹೆಜ್ಜೆ ಹಾಕಿದಾಗಲೊಮ್ಮೆ ಅದು ಹಿಂಡುತ್ತದೆ, ನೆತ್ತರು ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತದೆ. ಸುಮ್ಮನೆ ನಿಂತವನ ಹರಡಿನಲ್ಲಿ ಈ ನಾಳದ ಒತ್ತಡ ಪಾದರಸದ 80-90 ಮಿಲಿಮೀಟರಿನಷ್ಟು ಇರುತ್ತದೆ. ಹತ್ತು ಹೆಜ್ಜೆ ನಡೆದರೆ 30ಕ್ಕಿಂತ ಕೆಳಗಿಳಿಯುತ್ತದೆ. ಕವಾಟ ಕೆಟ್ಟವರಲ್ಲಿ ನಡೆದರೂ ಇಳಿಯುವುದಿಲ್ಲ. ಆ ಒತ್ತಡಕ್ಕೆ ನಾಳ ಹಿಗ್ಗಿ ಸೊಟ್ಟಗಾಗುತ್ತದೆ. ಸಣ್ಣ ನಾಳಗಳಿಂದ ನೆತ್ತರ ಕಣಗಳು ಸೋರಿ, ಅವುಗಳಲ್ಲಿಯ ಕಬ್ಬಿಣದ ಅಂಶ ಚರ್ಮಕ್ಕೆ ತುಕ್ಕಿನ ಬಣ್ಣ ಹಿಡಿಸುತ್ತದೆ. ಆ ಚರ್ಮ ಸೊರಗಿ ಕಡೆಗೆ ಹುಣ್ಣಾಗುತ್ತದೆ. ನಾವು ಒಂದೂವರೆ ವರ್ಷ ಮುಲಾಮು ಹಚ್ಚಿದ್ದು ಬಾವಿಯ ದಂಡೆಗೆ. ಕೆಟ್ಟದ್ದು ಪೈಪಿನೊಳಗಿನ ವಾಲ್ವು.

ಈ ಕವಾಟಗಳನ್ನು ಪಡುವಾದ ಫ್ಯಾಬ್ರಿಸಿಯಸನು 1603ರಲ್ಲಿ ಚಿತ್ರಸಮೇತ ಪ್ರಕಟಿಸಿದ. ಅವು ಏಕೆ ಇವೆ ಎಂಬುದನ್ನು ಸರಿಯಾಗಿ ತಿಳಿದವನು ಅದೇ ಊರಿನಲ್ಲಿ ಕಲಿತ ಇಂಗ್ಲಿಷ್ ವೈದ್ಯ ವಿಲಿಯಂ ಹಾರ್ವೆ. ಅವನ ಗ್ರಂಥ 1628ರದು. ಅವನ ಪ್ರಯೋಗವನ್ನು ವಾಚಕರು ಕುಳಿತಲ್ಲೇ ಮಾಡಿ ನೋಡಬಹುದು. ಮುಂದೋಳಿನ ಎದ್ದು ಕಾಣುವ ನೀಲಿ ನಾಳದ ಮೇಲೆ ಒಂದು ಬೆರಳನ್ನು ಒತ್ತಿ ಹಿಡಿದು, ಇನ್ನೊಂದು ಬೆರಳಿನಿಂದ ಅಲ್ಲಿಂದ ಮೊಣಕೈ ಕಡೆಗೆ ನೆತ್ತರನ್ನು ಸವರಿರಿ. ಮೇಲಿನ ಬೆರಳನ್ನು ತೆಗೆದರೂ ಮೇಲಿನ ನೆತ್ತರು ಕವಾಟವನ್ನು ದಾಟಿ ಕೆಳಗೆ ಬರುವುದಿಲ್ಲ. ಆ ತುಂಡು ಖಾಲಿಯಾಗಿಯೇ ಇರುತ್ತದೆ. ಕೆಳಗಿನ ಬೆರಳನ್ನು ಎತ್ತಿದೊಡನೆ ತುಂಬುತ್ತದೆ. ನಾವು ಕಚೇರಿಯಲ್ಲಿ ಇದನ್ನು ಮಾಡಿ ತೋರಿಸಲು ಹೋಗಿ ಅರ್ಧ ದಿನದ ಟಪಾಲು ಹಾಗೇ ಉಳಿಯಿತು.

ನಮ್ಮ ಮನಸ್ಸಿಗೆ ಬಹಳ ಹಿಡಿಸಿದ್ದು ಈ ರೋಗದ ವರ್ಗೀಕರಣ. 1994ರಲ್ಲಿ ಹವಾಯಿಯಲ್ಲಿ ಸೇರಿದ ತಜ್ಞರು ಕಾಲಿನ ಕಡತಗಳಿಗೆ ಸಿ0ಯಿಂದ ಸಿ6ರ ತನಕ ನಂಬರು ಹಾಕುವ ಪದ್ಧತಿ ಮಾಡಿದರು. ಜೇಡರ ಬಲೆಯಂಥ ಸಣ್ಣ ಕೆಂಪು ನೀಲಿ ಗೆರೆ ಮಾತ್ರ ಇದ್ದರೆ ಒಂದು. ಹುರಿಯಂತೆ ಉಬ್ಬಿದ್ದರೆ ಎರಡು. ಬಾವು ಬಂದರೆ ಮೂರು. ಚರ್ಮ ಕಂದಿ ಗಟ್ಟಿಯಾದರೆ ನಾಲ್ಕು. ಹುಣ್ಣಾಗಿ ಮಾಯ್ದಿದ್ದರೆ ಐದು. ಹುಣ್ಣು ತೆರೆದಿದ್ದರೆ ಆರು. ಕಾಕುವಿನ ಬಲಗಾಲು ಆರು, ಎಡಗಾಲು ಎರಡು. ಎಡಗಾಲಿನಲ್ಲಿ ಉಬ್ಬು ಇದ್ದರೂ ನೋವಿಲ್ಲ, ಚರ್ಮ ಚೆನ್ನಾಗಿದೆ, ಮುಖ್ಯ ನಾಳದ ಕವಾಟವೂ ಕೆಟ್ಟಿಲ್ಲ. ಅದನ್ನು ಮುಟ್ಟುವುದಿಲ್ಲ, ವರ್ಷಕ್ಕೊಮ್ಮೆ ನೋಡೋಣ ಎಂದರು ಸರ್ಜನರು. ರಿಯಾಯಿತಿಯ ಜಾಗದಲ್ಲಿ ಎರಡೂ ಕಾಲಿಗೆ ಅಂದಾಜು ಪತ್ರಿಕೆ ಆಗಿತ್ತೆಂಬುದನ್ನು ನೆನಪಿಸಿಕೊಳ್ಳಿರಿ.

ಚಿಕಿತ್ಸೆಯ ಇತಿಹಾಸ ಕೇಳಿದರೆ ಮೈ ಜುಮ್ಮೆನ್ನುತ್ತದೆ. ರೋಮಿನ ಸೇನಾಪತಿ ಮೇರಿಯಸನಿಗೆ ಎರಡೂ ಕಾಲಿನಲ್ಲಿ ಈ ಬಾಧೆ ಇತ್ತಂತೆ. ಕಟ್ಟಿಹಾಕಿಸಿಕೊಳ್ಳದೆ, ಹುಂ ಎನ್ನದೆ ಒಂದು ಕಾಲನ್ನು ಕೊಯ್ಯಿಸಿಕೊಂಡ. ಎರಡನೆಯದಕ್ಕೆ ವೈದ್ಯ ಕೈ ಹಾಕಿದಾಗ ಈ ಗುಣಕ್ಕೆ ಈ ನೋವು ದುಬಾರಿಯಾಯಿತೆಂದು ಬೇಡವೆಂದನೆಂದು ಪ್ಲುಟಾರ್ಕ್ ಬರೆದಿದ್ದಾನೆ. 1890ರ ಸುಮಾರಿಗೆ ಜರ್ಮನಿಯ ಟ್ರೆಂಡೆಲೆನ್‌ಬುರ್ಗ್ ತೊಡೆಯಲ್ಲಿ ಮುಖ್ಯ ನಾಳವನ್ನು ಕಟ್ಟುವ ಶಸ್ತ್ರಕ್ರಿಯೆಯನ್ನು ರೂಢಿಗೆ ತಂದ. ಆಮೇಲೆ ಇಡೀ ನಾಳವನ್ನು ತಂತಿಗೆ ಪೋಣಿಸಿ ಎಳೆದು ತೆಗೆಯುವ ಪದ್ಧತಿ ಬಂದು ನೂರು ವರ್ಷ ನಡೆಯಿತು. ಕೆಲವೆಡೆ ಈಗಲೂ ಇದೆ. 2000ದ ಆಚೀಚೆಗೆ ಗಾಳಿ ಬದಲಾಯಿತು. ಈಗ ಮೊಣಕಾಲಿನ ಹತ್ತಿರ ಸೂಜಿಯ ತೂತಿನಿಂದ ತೆಳ್ಳನೆಯ ನಳಿಗೆ ತೂರಿಸಿ, ಪರದೆಯ ಮೇಲೆ ನೋಡುತ್ತ ತೊಡೆಸಂದಿನವರೆಗೆ ಒಯ್ದು, ರೇಡಿಯೋ ತರಂಗದ ಶಾಖದಿಂದಲೋ ಲೇಸರಿನಿಂದಲೋ ಕೆಟ್ಟ ನಾಳವನ್ನು ಒಳಗಿನಿಂದ ಮುಚ್ಚುತ್ತಾರೆ. ಔಷಧವನ್ನು ನೊರೆ ಮಾಡಿ ಚುಚ್ಚಿ ನಾಳವನ್ನು ಮುಚ್ಚುವುದು ಇನ್ನೊಂದು ಬಗೆ. ಅಂಟು ಹಾಕಿ ಮುಚ್ಚುವುದೂ ಬಂದಿದೆ. ಮನೆಯಲ್ಲಿ ಮುರಿದ ಕಪ್ಪಿಗೆ ಹಚ್ಚುವ ಫೆವಿಕ್ವಿಕ್ಕಿನ ಜಾತಿಯದೇ ಆ ಅಂಟು ಎಂದರೆ ಕಾಕು ನಂಬಲಿಲ್ಲ. ಇಂಗ್ಲೆಂಡಿನ ಆರೋಗ್ಯ ಸಂಸ್ಥೆ ನೈಸ್ 2013ರಲ್ಲಿ ಹೊರಡಿಸಿದ ಮಾರ್ಗದರ್ಶನದಲ್ಲಿ ಅನುಕ್ರಮ ಸ್ಪಷ್ಟವಿದೆ: ಮೊದಲು ಶಾಖ, ಅದು ಒಗ್ಗದಿದ್ದರೆ ನೊರೆ, ಅದೂ ಒಗ್ಗದಿದ್ದರೆ ಶಸ್ತ್ರ.

ಕಾಕುವಿನ ಪ್ರಶ್ನೆ ಒಂದೇ. “ದಾರೀನ ಮುಚ್ಚಿದ್ರ ರಕ್ತ ಎಲ್ಲಿಂದ ಹೋಗ್ತದಪಾ?”

ಪ್ರಶ್ನೆ ಒಬ್ಬ ಇಂಜಿನಿಯರನಿಗೆ ಶೋಭಿಸುವಂಥದು. ಸರ್ಜನರಿಗೂ ಅದು ಸೇರಿತು. ಕಾಲಿನ ನೆತ್ತರಿನಲ್ಲಿ ನೂರಕ್ಕೆ ತೊಂಬತ್ತರಷ್ಟು ಹೋಗುವುದು ಸ್ನಾಯುಗಳ ನಡುವಿನ ಆಳದ ನಾಳಗಳಿಂದ. ಚರ್ಮದ ಕೆಳಗಿನದು ಗಲ್ಲಿಯ ದಾರಿ, ಆಳದ್ದು ಹೆದ್ದಾರಿ. 1967ರಲ್ಲಿ ಅಮೇರಿಕೆಯ ಕ್ಲೀವ್‌ಲ್ಯಾಂಡಿನಲ್ಲಿ ಫಾವಲೋರೋ ಎಂಬ ಸರ್ಜನರು ಹೃದಯದ ಬೈಪಾಸಿಗೆ ಕಾಲಿನ ಇದೇ ನಾಳವನ್ನು ಬಳಸತೊಡಗಿದಂದಿನಿಂದ ಎಷ್ಟೋ ಜನ ಇದನ್ನು ಕಳೆದುಕೊಂಡೂ ಓಡಾಡಿಕೊಂಡಿದ್ದಾರೆ. ಆದರೆ ಹೆದ್ದಾರಿ ತೆರೆದಿದೆಯೆಂಬುದು ಮೊದಲು ಖಾತ್ರಿಯಾಗಬೇಕು. ಹಿಂದೊಮ್ಮೆ ಆಳದ ನಾಳದಲ್ಲಿ ನೆತ್ತರು ಹೆಪ್ಪುಗಟ್ಟಿ ಅದು ಮುಚ್ಚಿದ್ದರೆ, ಹೊರಗೆ ಉಬ್ಬಿ ಕಾಣುವ ನಾಳವೇ ಆ ಕಾಲಿಗೆ ಆಧಾರವಾಗಿರಬಹುದು. ಅದನ್ನು ನೋಡದೆ ಮುಚ್ಚಿದರೆ ಗತಿ? ಒಂದೇ ಕಾಲು ಫಕ್ಕನೆ ಬಾತಿತ್ತೇ ಎಂಬ ಪ್ರಶ್ನೆಯ ಅರ್ಥ ಆಗ ನಮಗೆ ಹೊಳೆಯಿತು.

ಮೊದಲು ಹುಣ್ಣನ್ನು ಬರೀ ನೀರಿನಿಂದ ತೊಳೆದು, ಪಾದದ ಬೆರಳಿನ ಬುಡದಿಂದ ಮೊಣಕಾಲಿನ ಕೆಳಗಿನವರೆಗೆ ಪದರು ಪದರಾಗಿ ಬಿಗಿ ಪಟ್ಟಿ ಸುತ್ತಿದರು, ವಾರಕ್ಕೊಮ್ಮೆ ಬದಲಿ. ನಮ್ಮ ಪುಡಿ ಮುಲಾಮುಗಳು ಕಸದ ಬುಟ್ಟಿ ಸೇರಿದವು. ಹುಣ್ಣು ಮಾಯ್ದ ಮೇಲೆ ಶಾಖದ ಚಿಕಿತ್ಸೆ ಮಾಡುತ್ತೀರೇನೋ ಎಂದೆವು. ಹಿಂದೆ ಹಾಗೇ ಇತ್ತಂತೆ. ಆದರೆ 2018ರಲ್ಲಿ ಬ್ರಿಟನ್ನಿನಲ್ಲಿ ಇಂಥ ಹುಣ್ಣಿದ್ದ 450 ಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ ಬಂತು. ಪಟ್ಟಿಯ ಜೊತೆಗೇ ಬೇಗನೆ ನಾಳವನ್ನು ಮುಚ್ಚಿಸಿಕೊಂಡವರ ಹುಣ್ಣು ನಡುವಣ ಲೆಕ್ಕದಲ್ಲಿ 56 ದಿನಕ್ಕೆ ಮಾಯ್ದರೆ, ತಡಮಾಡಿದವರದು 82 ದಿನಕ್ಕೆ. ಆದ್ದರಿಂದ ಮೂರನೆಯ ವಾರವೇ ಕಾಕುವಿನ ಸರದಿ ಬಂತು. ನಾಳದ ಸುತ್ತ ನೋವು ತಿಳಿಯದಂತೆ ತೆಳುವಾದ ಔಷಧದ ನೀರು ತುಂಬಿದರು. ಆ ಚುಚ್ಚುಗಳೇ ಹೆಚ್ಚು ನೋವಂತೆ. ಎಚ್ಚರವಾಗಿಯೇ ಇದ್ದರು, ಸಂಜೆಗೆ ನಡೆದು ಮನೆಗೆ ಬಂದರು, ಮೂರು ಮಾಳಿಗೆ ಹತ್ತಿದರು. ಹತ್ತು ದಿನದ ಮೇಲೆ ಮತ್ತೊಮ್ಮೆ ಡಾಪ್ಲರ್: ಮುಚ್ಚಿದ ಕಡೆಯಿಂದ ಹೆಪ್ಪು ಆಳದ ನಾಳಕ್ಕೆ ಇಳಿದಿಲ್ಲವಷ್ಟೆ ಎಂದು ನೋಡಲು. ಇದು ಅಪರೂಪ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಹರಡಿನ ಒಳಮಗ್ಗುಲಲ್ಲಿ ಸ್ವಲ್ಪ ಜೋಮು ಇತ್ತು, ನಿಧಾನವಾಗಿ ಕಡಿಮೆಯಾಗುತ್ತಿದೆ. ಹುಣ್ಣು ಒಂಬತ್ತನೆಯ ವಾರ ಮುಚ್ಚಿತು. ಕಡತದ ಮೇಲಿನ ಆರು ಹೋಗಿ ಐದಾಯಿತು. ಐದರಿಂದ ಸೊನ್ನೆಗೆ ಯಾವ ಕಾಲೂ ಮರಳುವುದಿಲ್ಲ. ಬೇರೆ ನಾಳ ಕೆಟ್ಟು ಮತ್ತೆ ಉಬ್ಬುವುದೂ ಉಂಟು ಎಂದು ಸರ್ಜನರು ಮೊದಲೇ ಹೇಳಿದ್ದರು.

ಕಾಲುಚೀಲದ ಪ್ರಕರಣ ಬೇರೆಯೇ ಇದೆ. ಬಿಗಿ ಕಾಲುಚೀಲವನ್ನು ಮುಂಜಾನೆ ಹಾಸಿಗೆಯಿಂದ ಇಳಿಯುವ ಮೊದಲೇ, ಕಾಲು ಬಾಯುವ ಮುನ್ನ ಹಾಕಬೇಕು. ಅಳತೆಯನ್ನೂ ಮುಂಜಾನೆಯೇ ಕೊಡಬೇಕು. ಮೊದಲ ದಿನ ಕಾಕಾ ಒಂದು ತುದಿ, ನಾವು ಒಂದು ತುದಿ. ಹಗ್ಗ ಜಗ್ಗಾಟವೇ ನಡೆಯಿತು. ಕಡೆಗೆ ನರ್ಸಬಾಯಿಯವರು ಹಿಮ್ಮಡಿಯವರೆಗೆ ಚೀಲವನ್ನು ಒಳಮೊಗವಾಗಿ ತಿರುಗಿಸಿ, ಪಾದಕ್ಕೆ ನುಣುಪಾದ ಪ್ಲಾಸ್ಟಿಕ್ ಚೀಲವೊಂದನ್ನು ತೊಡಿಸಿ ಜಾರಿಸಿ ತೋರಿಸಿದರು. ಬೆರಳು ತೆರೆದಿರುವ ನಮೂನೆಯಾದರೆ ಆಮೇಲೆ ಪ್ಲಾಸ್ಟಿಕ್ಕನ್ನು ಮುಂದಿನಿಂದ ಎಳೆದುಕೊಳ್ಳಬಹುದು. ಏಪ್ರಿಲ್ ಮೇಯಲ್ಲಿ ಇದು ಒಂದು ಶಿಕ್ಷೆಯೇ ಸರಿ. ಶಾಖದ ಚಿಕಿತ್ಸೆ ಸಾಧ್ಯವಿದ್ದವರಿಗೆ ಬರೀ ಕಾಲುಚೀಲ ಕೊಟ್ಟು ಕಳಿಸಬೇಡಿರೆಂದು ನೈಸಿನವರೂ ಹೇಳಿದ್ದಾರೆ. ಬಸುರಿಯರ ಮಾತು ಬೇರೆ. ಆಗ ಉಬ್ಬಿದ ನಾಳಗಳು ಹೆರಿಗೆಯ ನಂತರ ಬಹುಮಟ್ಟಿಗೆ ಇಳಿಯುವುದರಿಂದ, ಅವರಿಗೆ ಕಾಲುಚೀಲ ಮತ್ತು ತಾಳ್ಮೆಯೇ ಚಿಕಿತ್ಸೆ.

ಯಾರು ಬೇಗ ಹೋಗಬೇಕು? ನೆತ್ತರು ಬಂದವರು ಆ ದಿನವೇ. ಹರಡಿನ ಮೇಲೆ ಎರಡು ವಾರ ಮಾಯದ ಗಾಯವಿದ್ದವರು, ಚರ್ಮ ಕಂದುತ್ತಿರುವವರು ಆ ವಾರವೇ. ಒಂದೇ ಕಾಲು ಒಮ್ಮೆಗೇ ಬಾತು ನೋಯತೊಡಗಿದರೆ ಅದು ಬೇರೆಯದೇ ಅಪಾಯ, ಆಳದ ಹೆಪ್ಪು. ಅದರೊಡನೆ ಉಸಿರು ಕಟ್ಟಿದರೆ ಗಳಿಗೆಯೂ ತಡ ಸಲ್ಲದು. ಬರೀ ಸಣ್ಣ ನೀಲಿ ಗೆರೆಗಳಿದ್ದು ನೋವಿಲ್ಲದವರು ಹೆದರಬೇಕಾದದ್ದಿಲ್ಲ.

ಹಣದ ಬಗ್ಗೆ ನಾಲ್ಕು ಮಾತು, ಏಕೆಂದರೆ ಅದು ನಮ್ಮ ಮೇಜಿನ ವಿಷಯ. ಬಹಳಷ್ಟು ಆರೋಗ್ಯ ವಿಮೆಗಳಲ್ಲಿ ವೆರಿಕೋಸ್ ವೇನ್ಸ್ ಎರಡು ವರ್ಷ ಕಾಯಬೇಕಾದ ರೋಗಗಳ ಪಟ್ಟಿಯಲ್ಲಿ ಇರುತ್ತದೆ. ಅಂದಕ್ಕಾಗಿ ಮಾಡಿಸಿದ್ದಕ್ಕೆ ವಿಮೆ ಕೊಡುವುದೇ ಇಲ್ಲ. ಆದ್ದರಿಂದ ನಿಲ್ಲಿಸಿ ಮಾಡಿದ ಡಾಪ್ಲರ್ ವರದಿ, ಸಿ ನಂಬರು, ಹುಣ್ಣಿದ್ದರೆ ಅದರ ದಾಖಲೆ, ಇವು ಕಾಗದದ ಮೇಲೆ ಇರಬೇಕು. ಕಾಕಾನ ಹಳೆಯ ವಿಮೆಯ ಕಡತವನ್ನು ನಾವೇ ಜೋಡಿಸಿದೆವು. ಒಂದು ಆಕ್ಷೇಪಣೆಯೂ ಬರಲಿಲ್ಲ ಎಂಬುದು ನಮ್ಮ ಸೇವಾವಧಿಯ ದೊಡ್ಡ ಸಾಧನೆ.

ಈಗ ಬೀದಿಯಲ್ಲಿ ಹೋಗುವಾಗ ನಮ್ಮ ಕಣ್ಣು ಕಾಲುಗಳ ಕಡೆಗೆ ಹೋಗುತ್ತದೆ. ಉಡುಪಿ ಹೋಟೆಲಿನ ದೋಸೆ ಕಾವಲಿಯ ಮುಂದೆ ನಿಂತ ನಮ್ಮ ಕರಾವಳಿಯ ಹುಡುಗ, ಸ್ವಾರಗೇಟಿನ ಪೋಲೀಸ, ಲಕ್ಷ್ಮೀ ರಸ್ತೆಯ ಸೀರೆ ಅಂಗಡಿಗಳಲ್ಲಿ ದಿನವಿಡೀ ನಿಂತ ಹುಡುಗಿಯರು, ನಮ್ಮ ಶಾಲಾ ಮಾಸ್ತರರು. ಅಂಗಡಿಯಲ್ಲಿ ದುಡಿಯುವವರಿಗೆ ಕೂಡಲು ಆಸನ ಕೊಡಲೇಬೇಕೆಂದು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ತಮ್ಮ ಅಂಗಡಿ ಕಾಯಿದೆಗಳನ್ನು ತಿದ್ದಿದವು. ಕೇರಳದಲ್ಲಿ ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದವರು ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳೇ. ಆದರೆ ಮನೆಯ ಅಡಿಗೆಯ ಕಟ್ಟೆಗೆ ಯಾವ ಕಾಯಿದೆ ಅನ್ವಯಿಸುತ್ತದೆ?

ನಾವೂ ಕಾಕಾನೂ ಕೂಡಿ ಒಂದು ತಿದ್ದುಪಡಿ ತಂದೆವು. ಒಂದು ಒಲೆಯನ್ನು ಗಿಡ್ಡ ಕಲ್ಲಿನ ಮಣೆಯ ಮೇಲೆ ಕೆಳಗಿಳಿಸಿ, ಎದುರಿಗೆ ಬೆನ್ನಿಗೆ ಆಸರೆಯಿರುವ ಗಿಡ್ಡ ಕುರ್ಚಿ ಹಾಕಿಸಿದೆವು. ಮೊದಲ ವಾರ ಕಾಕುವಿಗೆ ಕೈ ಕೂಡಲಿಲ್ಲ. “ಮದಲ ಹಿಂಗ ಬಡೀತಿದ್ನೆಲ್ಲೋ, ಮರತ ಬಿಟ್ಟೇನಿ” ಎಂದರು. ಈಗ ದಿನಕ್ಕೆ 70 ರೊಟ್ಟಿ, ನಡುವೆ ತಾಸಿಗೊಮ್ಮೆ ಗಲ್ಲಿಯ ತುದಿಯವರೆಗೆ ಹೋಗಿ ಬರುವುದು. ಉಳಿದ ಡಬ್ಬಿಗಳನ್ನು ಬಾಲಾಜಿನಗರದ ಇನ್ನೊಬ್ಬ ಹೆಣ್ಣುಮಗಳಿಗೆ ಒಪ್ಪಿಸಿದ್ದಾರೆ. ಅವಳಿಗೂ ಗಿಡ್ಡ ಕುರ್ಚಿಯ ವಿಳಾಸ ಕೊಟ್ಟದ್ದಾಗಿದೆ.

ಕಳೆದ ರವಿವಾರ ನಾವು ಹೋದಾಗ ಗ್ಯಾಲರಿಯ ಹಗ್ಗದ ಮೇಲೆ ಮೈಬಣ್ಣದ ಉದ್ದನೆಯ ಕಾಲುಚೀಲಗಳು ಒಣಗುತ್ತಿದ್ದವು. ಎದುರು ಮನೆಯ ಮರಾಠಿ ಬಾಯಿಯೊಬ್ಬರು ಅವನ್ನು ನೋಡುತ್ತ ನಿಂತು, ಇವು ಯಾವ ನಮೂನೆಯ ಸಾಕ್ಸು ಎಂದು ಕೇಳಿದರು. ಕಾಕು ಹೇಳತೊಡಗಿದರು. ಬಾಯಿಯವರು ನಮ್ಮ ಕಡೆಗೊಮ್ಮೆ ನೋಡಿ, ನಾವು ಬೇಕೆಂದೇ ಕಾತ್ರಜದ ಗುಡ್ಡ ನೋಡುತ್ತಿದ್ದುದನ್ನು ಖಾತ್ರಿ ಮಾಡಿಕೊಂಡು, ತಮ್ಮ ಸೀರೆಯಂಚನ್ನು ನಾಲ್ಕು ಬೆರಳು ಮೇಲೆತ್ತಿ ಕಾಕುವಿಗೆ ತೋರಿಸಿದರು.